ಪೆಡಲಿನೊಳಗಿನ ತಕ್ಕಡಿ

"ಖಾಲಾ, ನೀವು ಸಾಲ್ಯಾಗ ವಿಜ್ಞಾನ ಕಲಸ್ತೀರಿ. ಈ ಪವರ್ ಮೀಟರ್ ತಗೊಂಡ್ರ ಉಪಯೋಗ ಐತೋ ಇಲ್ಲೋ, ಅಬ್ಬಾಗ ನೀವೇ ಹೇಳ್ರಿ."

2023ರ ನವೆಂಬರಿನಲ್ಲಿ ತಂಗಿಯ ಮಗಳು ವಿಜಯಪುರದಿಂದ ಫೋನ್ ಮಾಡಿ ಹೀಗೆ ಕೇಳಿದಾಗ ನನ್ನ ಕಣ್ಣ ಮುಂದೆ ಬಂದದ್ದು ಮನೆಯ ಹೊರಗೋಡೆಗೆ ಜಡಿದಿರುವ ಕರೆಂಟಿನ ಮೀಟರು. ಸೈಕಲಿಗೆಂಥ ಮೀಟರು? ಅದೂ ಇಪ್ಪತ್ತೈದು ಮೂವತ್ತು ಸಾವಿರ ರೂಪಾಯಿಯದು! ಹುಡುಗಿಗೆ ಆಗ ಹದಿನೇಳು ವರ್ಷ. ಪಿ.ಯು.ಸಿ. ಮೊದಲ ವರ್ಷ. ಎರಡು ವರ್ಷಗಳಿಂದ ರೋಡ್ ಸೈಕ್ಲಿಂಗ್ ಅಭ್ಯಾಸ ಮಾಡುತ್ತಿದ್ದಳು. ವಿಜಯಪುರ, ಬಾಗಲಕೋಟೆ, ಜಮಖಂಡಿ ಕಡೆಯವರಿಗೆ ಇದೇನೂ ಹೊಸತಲ್ಲ. ಆ ಭಾಗದ ಬಡ ಮನೆಗಳ ಹುಡುಗ ಹುಡುಗಿಯರು ರಾಷ್ಟ್ರಮಟ್ಟದಲ್ಲಿ ಪದಕ ತರುತ್ತಲೇ ಇದ್ದಾರೆ. ಫಜ್ರ್ ನಮಾಝ್ ಮುಗಿಸಿ ಸೊಲ್ಲಾಪುರ ರಸ್ತೆಗೆ ಹೊರಟರೆ ಜೋಳದ ಹೊಲಗಳ ನಡುವೆ ಒಬ್ಬರ ಹಿಂದೊಬ್ಬರು ಬಾಗಿ ಕುಳಿತು ಪೆಡಲ್ ತುಳಿಯುವ ಮಕ್ಕಳು ಕಾಣುತ್ತಾರೆ.

ಮನೆಯಲ್ಲಿ ಆಕ್ಷೇಪ ಇರಲಿಲ್ಲವೆಂದಲ್ಲ. ತಂಗಿಯ ಅತ್ತೆ ಮೊದಮೊದಲು ಮುಖ ಸಿಂಡರಿಸಿದ್ದರು. ಪ್ರಯಾಣವೊಂದರಲ್ಲಿ ಪ್ರವಾದಿ(ಸ)ರವರು ಹಝ್ರತ್ ಆಯಿಶಾ(ರ)ರೊಂದಿಗೆ ಓಟದ ಪಂದ್ಯ ಮಾಡಿದ್ದು, ಮೊದಲ ಸಲ ಆಯಿಶಾ(ರ) ಗೆದ್ದದ್ದು, ಮುಂದೆ ಮೈ ತುಂಬಿಕೊಂಡ ಮೇಲೆ ಇನ್ನೊಮ್ಮೆ ಓಡಿದಾಗ ಪ್ರವಾದಿ(ಸ) ಗೆದ್ದದ್ದು ಅಬೂದಾವೂದ್ ಹದೀಸ್ ಗ್ರಂಥದಲ್ಲಿ ಬಂದಿದೆ. ಅದನ್ನು ಕೇಳಿದ ಮೇಲೆ ಆ ಹಿರಿಯ ಜೀವ ಒಂದೇ ಶರತ್ತು ಹಾಕಿತು: ಮೈ ತುಂಬ ಬಟ್ಟೆ, ತಲೆ ಮೇಲೆ ಮುಸುಕು. ಹೆಲ್ಮೆಟ್ಟಿನ ಕೆಳಗೆ ಬಿಗಿಯಾಗಿ ಕೂರುವ ಟೋಪಿಯಂಥ ಹಿಜಾಬು, ತುಂಬುತೋಳಿನ ಅಂಗಿ, ಕಾಲ್ಮುಚ್ಚುವ ಪ್ಯಾಂಟು ಹೊಲಿಸಿಯಾಯಿತು. ಸಡಿಲವಾದ ದುಪಟ್ಟಾ ಮಾತ್ರ ಬೇಡವೆಂದು ನಾನೇ ಹೇಳಿದೆ. ಅದು ಚೈನಿಗೋ ಚಕ್ರಕ್ಕೋ ಸಿಕ್ಕಿದರೆ ಅನಾಹುತ.

ಸೈಕಲ್ ಸೆಕೆಂಡ್ ಹ್ಯಾಂಡ್. ಸೀನಿಯರ್ ಒಬ್ಬಳು ಕೊಟ್ಟದ್ದು. ಅದರ ಮೇಲೆ ಮತ್ತೆ ಮೂವತ್ತು ಸಾವಿರದ ಮೀಟರ್ ಎಂದರೆ ತಂಗಿಯ ಗಂಡನಿಗೆ ದಿಗಿಲಾಗುವುದು ಸಹಜ. "ಇದು ಶೋಕಿಯಾದರೆ ಬೇಡ ಆಪಾ, ಅಗತ್ಯವಾದರೆ ಹೇಗಾದರೂ ಕೊಡಿಸ್ತೇನೆ, ಆದರೆ ಬಡ್ಡಿಯ ಕಂತು ಮಾತ್ರ ಕಟ್ಟೋದಿಲ್ಲ" ಎಂದ. ನ್ಯಾಯವಾದ ಮಾತು. ಹಾಗಾಗಿ ನಾನು ಓದಲು ಕುಳಿತೆ.

ವ್ಯಾಟ್ ಎಂದರೆ ಮಿಕ್ಸರಿನ ವ್ಯಾಟೇ

ನಮ್ಮ ಅಡುಗೆಮನೆಯ ಮಿಕ್ಸರ್ 500 ಅಥವಾ 750 ವ್ಯಾಟ್. ಇಸ್ತ್ರಿಪೆಟ್ಟಿಗೆ 1000 ವ್ಯಾಟ್ ಆಸುಪಾಸು. ಸೈಕಲ್ ತುಳಿಯುವವರ ಕಾಲುಗಳೂ ಒಂದು ಯಂತ್ರವೇ. ಸಾಮಾನ್ಯ ಆರೋಗ್ಯದ ಹೊಸಬರು ಒಂದು ಗಂಟೆ ಹೊತ್ತು 100 ವ್ಯಾಟ್ ಆಸುಪಾಸು ಶಕ್ತಿ ಕೊಡಬಲ್ಲರು. ಜಗತ್ತಿನ ಮೊದಲ ಸಾಲಿನ ಮಹಿಳೆಯರು 250 ವ್ಯಾಟ್ ದಾಟುತ್ತಾರೆ. ಪೆಡಲಿನ ಮೇಲೆ ಬೀಳುವ ಬಲ ಎಷ್ಟು, ಪೆಡಲ್ ಎಷ್ಟು ವೇಗವಾಗಿ ತಿರುಗುತ್ತಿದೆ ಎಂಬ ಎರಡನ್ನೂ ಅಳೆದು ಗುಣಿಸಿ ಹೇಳುವುದು ಪವರ್ ಮೀಟರಿನ ಕೆಲಸ.

ವೇಗ ತೋರಿಸುವ ಸ್ಪೀಡೋಮೀಟರ್ ಸಾಲದೇ ಎಂದು ನಾನೂ ಕೇಳಿದ್ದೆ. ಸಾಲದು. ವಿಜಯಪುರದ ಬಯಲಿನಲ್ಲಿ ಎದುರುಗಾಳಿ ಬೀಸಿದರೆ ಜೀವ ತೇಯ್ದು ತುಳಿದರೂ ಗಂಟೆಗೆ 22 ಕಿ.ಮೀ. ವಾಪಸು ಬರುವಾಗ ಅದೇ ಗಾಳಿ ಬೆನ್ನಿಗಿದ್ದರೆ ಹಾಡು ಗುನುಗುತ್ತಾ 35. ಸಮತಟ್ಟು ರಸ್ತೆಯಲ್ಲಿ ಶಕ್ತಿಯ ಬಹುಪಾಲು ಖರ್ಚಾಗುವುದು ಗಾಳಿಯನ್ನು ಸೀಳಲಿಕ್ಕೆ. ವೇಗ ಒಂದೂವರೆ ಪಟ್ಟಾದರೆ ಗಾಳಿಗೆ ತೆರಬೇಕಾದ ಶಕ್ತಿ ಮೂರು ಪಟ್ಟಿಗೂ ಮೀರುತ್ತದೆ. ಹಾಗಾದರೆ ಎದೆಗೆ ಬೆಲ್ಟ್ ಕಟ್ಟಿ ಹೃದಯ ಬಡಿತ ನೋಡಿದರೆ? ಅದು ಒಳ್ಳೆಯದೇ, ಅಗ್ಗವೂ ಹೌದು. ಆದರೆ ಹೃದಯ ತಡವಾಗಿ ಉತ್ತರಿಸುತ್ತದೆ. ಜೋರಾಗಿ ತುಳಿಯತೊಡಗಿ ಅರ್ಧ ಒಂದು ನಿಮಿಷವಾದ ಮೇಲೆ ಬಡಿತ ಏರುತ್ತದೆ. ಬಿಸಿಲು, ನಿದ್ದೆಗೇಡು, ನೀರಿನ ಕೊರತೆ, ಪರೀಕ್ಷೆಯ ಚಿಂತೆ ಎಲ್ಲವೂ ಅದನ್ನು ಏರಿಸುತ್ತವೆ. ವ್ಯಾಟ್ ಹಾಗಲ್ಲ. ತುಳಿದ ಕ್ಷಣದಲ್ಲಿ ತುಳಿದಷ್ಟೇ ತೋರಿಸುತ್ತದೆ.

ಇದರ ಒಳಗುಟ್ಟು ನಾವು ದಿನವೂ ನೋಡುವಂಥದ್ದು. ಕಿರಾಣಿ ಅಂಗಡಿಯ ಎಲೆಕ್ಟ್ರಾನಿಕ್ ತಕ್ಕಡಿಯಲ್ಲಿ ಸ್ಟ್ರೇನ್ ಗೇಜ್ ಎಂಬ ತೆಳು ಲೋಹದ ಪಟ್ಟಿ ಇರುತ್ತದೆ. ಭಾರ ಬಿದ್ದಾಗ ಅದು ಕೂದಲೆಳೆಗಿಂತ ಕಡಿಮೆ ಬಾಗುತ್ತದೆ. ಆ ಬಾಗಿನಿಂದ ವಿದ್ಯುತ್ ಹರಿವಿಗೆ ಆಗುವ ಅಡೆತಡೆ ಬದಲಾಗುತ್ತದೆ. ಅದನ್ನೇ ಯಂತ್ರ ಕಿಲೋ ಗ್ರಾಮ್‌ಗಳಾಗಿ ಓದುತ್ತದೆ. ಪವರ್ ಮೀಟರಿನಲ್ಲೂ ಅದೇ ಪಟ್ಟಿ. ಜರ್ಮನಿಯ ಇಂಜಿನಿಯರ್ ಉಲ್ರಿಚ್ ಶೋಬೆರರ್ 1986ರಲ್ಲಿ ಇದನ್ನು ಸೈಕಲಿನ ಕ್ರ್ಯಾಂಕಿಗೆ ಅಳವಡಿಸಿ ಎಸ್‌ಆರ್‌ಎಂ ಎಂಬ ಸಂಸ್ಥೆ ಕಟ್ಟಿದರು. ಆಗ ಅದು ದೊಡ್ಡ ತಂಡಗಳಿಗೆ ಮಾತ್ರ ಎಟಕುವ ವಸ್ತು. ಈಗ ಬೆಲೆ ಇಳಿದಿದೆ, ತಂತಿಯೂ ಹೋಗಿದೆ. ಅಳತೆ ಗಾಳಿಯಲ್ಲೇ ಹ್ಯಾಂಡಲಿನ ಮೇಲಿನ ಪುಟ್ಟ ಕಂಪ್ಯೂಟರಿಗೆ ತಲುಪುತ್ತದೆ.

ಯಾವುದನ್ನು ಕೊಳ್ಳುವುದು?

ಅಳೆಯುವ ಪಟ್ಟಿಯನ್ನು ಸೈಕಲಿನ ಯಾವ ಭಾಗದಲ್ಲಿ ಇಟ್ಟಿದ್ದಾರೆ ಎಂಬುದರ ಮೇಲೆ ಜಾತಿಗಳು ಬೇರೆ. ಹಿಂದಿನ ಚಕ್ರದ ಹಬ್ಬಿನಲ್ಲಿ ಇಟ್ಟದ್ದು ಒಂದು ಕಾಲಕ್ಕೆ ಜನಪ್ರಿಯವಾಗಿತ್ತು. ಚಕ್ರ ಬದಲಾಯಿಸಿದರೆ ಮೀಟರೂ ಹೋಯಿತು ಎಂಬ ತೊಂದರೆಯಿಂದ ಮೂಲೆಗೆ ಸರಿದಿದೆ. ಎಡ ಕ್ರ್ಯಾಂಕಿನ ಒಳಮೈಗೆ ಅಂಟಿಸಿದ್ದು ಅಗ್ಗ, ಹಗುರ. ಆದರೆ ನಿಮ್ಮ ಸೈಕಲಿನ ಕ್ರ್ಯಾಂಕಿನ ಕಂಪೆನಿ, ಮಾದರಿ, ಉದ್ದ ಎಲ್ಲ ಹೊಂದಬೇಕು. ಕ್ರ್ಯಾಂಕಿಗೂ ಫ್ರೇಮಿಗೂ ನಡುವೆ ಜಾಗ ಉಳಿಯಬೇಕು. ಹಲ್ಲಿನ ಚಕ್ರಗಳನ್ನು ಹಿಡಿದಿಡುವ ಸ್ಪೈಡರಿನಲ್ಲಿ ಇಟ್ಟದ್ದು ಎರಡೂ ಕಾಲುಗಳ ಒಟ್ಟು ಶಕ್ತಿಯನ್ನು ಅಳೆಯುತ್ತದೆ, ಬಲು ನಂಬಿಕಸ್ಥ. ಎಸ್‌ಆರ್‌ಎಂ, ಕ್ವಾರ್ಕ್ ಈ ಜಾತಿಯವು. ಬೆಲೆ ಜಾಸ್ತಿ, ಬಿಚ್ಚಿ ಹಾಕುವುದಕ್ಕೆ ಕೈ ಪಳಗಿರಬೇಕು. ಕೊನೆಯದು ಪೆಡಲಿನಲ್ಲೇ ಅಡಗಿಸಿದ್ದು. ಗಾರ್ಮಿನ್, ಫವೆರೊ ಮುಂತಾದವು ಮಾಡುತ್ತವೆ. ಒಂದು ಸೈಕಲಿನಿಂದ ಇನ್ನೊಂದಕ್ಕೆ ಐದು ನಿಮಿಷದಲ್ಲಿ ಬದಲಾಯಿಸಬಹುದು.

ನಮ್ಮ ಹುಡುಗಿಯ ಸೈಕಲ್ ಹಳೆಯದು, ನಾಳೆ ಬದಲಾಗುವಂಥದ್ದು. ಆದ್ದರಿಂದ ಪೆಡಲೇ ಸರಿ ಎಂದು ನನಗನ್ನಿಸಿತು. ಸೈಕಲ್ ಹೋದರೂ ಮೀಟರ್ ಉಳಿಯುತ್ತದೆ.

ಇನ್ನು ಒಂದು ಬದಿಯೋ ಎರಡು ಬದಿಯೋ ಎಂಬ ಪ್ರಶ್ನೆ. ಒಂದೇ ಬದಿಯದು ಎಡಗಾಲಿನ ಶಕ್ತಿಯನ್ನಷ್ಟೇ ಅಳೆದು ಎರಡರಿಂದ ಗುಣಿಸುತ್ತದೆ. ಎರಡೂ ಕಾಲು ಸಮ ಎಂದು ಅದರ ನಂಬಿಕೆ. ಆದರೆ ನಮ್ಮ ಎರಡು ಕೈ ಸಮವೇ? ಕಾಲೂ ಹಾಗೆಯೇ. ಒಟ್ಟು 200 ವ್ಯಾಟಿನಲ್ಲಿ ಎಡಗಾಲಿನ ಪಾಲು 96 ಇದ್ದರೆ ಮೀಟರ್ ತೋರಿಸುವುದು 192. ಕಾಲಿಗೆ ಪೆಟ್ಟಾಗಿ ಚೇತರಿಸಿಕೊಳ್ಳುತ್ತಿರುವವರಿಗೆ, ದೊಡ್ಡ ಸ್ಪರ್ಧೆಗಳಲ್ಲಿ ಒಂದೊಂದು ವ್ಯಾಟ್ ಲೆಕ್ಕ ಹಾಕುವವರಿಗೆ ಎರಡು ಬದಿಯದೇ ಬೇಕು. ನಿನ್ನೆಯ ತನ್ನನ್ನು ಇಂದಿನ ತನ್ನೊಂದಿಗೆ ಹೋಲಿಸಿಕೊಳ್ಳಬೇಕಾದ ಹುಡುಗಿಗೆ ಒಂದು ಬದಿ ಸಾಕು. ತಕ್ಕಡಿ ಪ್ರತಿದಿನ ಅದೇ ತಪ್ಪನ್ನು ಅಷ್ಟೇ ಪ್ರಮಾಣದಲ್ಲಿ ಮಾಡುತ್ತಿದ್ದರೆ ಏರಿಳಿತ ತಿಳಿಯಲು ಅಡ್ಡಿಯಿಲ್ಲ. ಎರಡು ಬದಿಯದು ಅರ್ಧ ಲಕ್ಷಕ್ಕೂ ಮೇಲೆ ಹೋಗುತ್ತಿತ್ತು. ಒಂದು ಬದಿಯದನ್ನೇ ಆರಿಸಿದೆವು. ಅದೇ ಮಾದರಿಗೆ ಮುಂದೆ ಬೇಕಾದರೆ ಬಲ ಪೆಡಲಿನ ಸೆನ್ಸರನ್ನೂ ಸೇರಿಸಬಹುದಿತ್ತು.

ದುಬೈಯಲ್ಲಿರುವ ಮಾಮು ತರುತ್ತೇನೆಂದರು. ಅಲ್ಲಿ ಬೆಲೆ ಸ್ವಲ್ಪ ಕಡಿಮೆಯೇ. ಆದರೆ ವಾರಂಟಿ ಕೊಂಡ ದೇಶದಲ್ಲಷ್ಟೇ ನಡೆಯುವುದುಂಟು. ಕೆಟ್ಟರೆ ಮತ್ತೆ ಯಾರ ಸೂಟ್‌ಕೇಸಿನಲ್ಲಿ ಕಳಿಸುವುದು? ಇದನ್ನು ಮೊದಲೇ ಕೇಳಿಕೊಳ್ಳಿ. ಜೊತೆಗೆ ಇನ್ನೊಂದು: ಈ ಪೆಡಲುಗಳಿಗೆ ಕ್ಲೀಟ್ ಎಂಬ ಕೊಂಡಿಯಿರುವ ಶೂ ಬೇಕು, ಆ ಕ್ಲೀಟ್ ಪೆಡಲಿನ ಮಾದರಿಗೆ ಹೊಂದಬೇಕು. ಓದುವ ಕಂಪ್ಯೂಟರ್ ಬೇರೆ, ಅದಿಲ್ಲದಿದ್ದರೆ ಮೊಬೈಲ್. ಪೆಟ್ಟಿಗೆಯ ಮೇಲೆ ಬರೆದ ಬೆಲೆ ಪೂರ್ತಿ ಬೆಲೆಯಲ್ಲ.

ತಂಗಿಯ ಗಂಡ ಹಣ ಹೊಂದಿಸಿದ. ಅಜ್ಜಿ ತನ್ನ ಹಜ್ ಹುಂಡಿಯಿಂದ ಐದು ಸಾವಿರ ತೆಗೆದುಕೊಟ್ಟರಂತೆ. ಇದನ್ನು ತಂಗಿ ಹೇಳಿದಾಗ ನನಗೆ ಭಯವಾಯಿತು. ನನ್ನ ಸಲಹೆ ತಪ್ಪಾದರೆ?

ಸುಳ್ಳು ಹೇಳಿದ ಮೊದಲ ವಾರ

ಡಿಸೆಂಬರಿನಲ್ಲಿ ನಾನೇ ಹೋಗಿ ಜೋಡಿಸಿದೆ. ಎಡ ಪೆಡಲಿನ ಥ್ರೆಡ್ ಉಲ್ಟಾ ಇರುತ್ತದೆ ಎಂಬುದನ್ನು ಮರೆತು ಬಲವಂತ ಮಾಡಿದರೆ ಕ್ರ್ಯಾಂಕಿನ ಗಾಡಿ ಹೋಯಿತೆಂದೇ ಲೆಕ್ಕ. ಎರಡೂ ಬದಿಯಲ್ಲಿ ಪೆಡಲಿನ ಅಚ್ಚನ್ನು ಸೈಕಲಿನ ಮುಂಭಾಗದ ಕಡೆಗೆ ತಿರುಗಿಸಿದರೆ ಬಿಗಿಯಾಗುತ್ತದೆ ಎಂದು ನೆನಪಿಟ್ಟರೆ ಸಾಕು. ಥ್ರೆಡ್ಡಿಗೆ ಸ್ವಲ್ಪ ಗ್ರೀಸ್ ಸವರಿ ಮೊದಲು ಬೆರಳಿನಿಂದಲೇ ನಾಲ್ಕು ಸುತ್ತು ಹಾಕಬೇಕು. ಆಮೇಲೆ ಕೈಪಿಡಿಯಲ್ಲಿ ಹೇಳಿದಷ್ಟೇ ಬಿಗಿ.

ಅನಂತರ ಜೋಡಣೆ. ಗಾಳಿಯಲ್ಲಿ ಮಾತಾಡಲು ಈ ಮೀಟರುಗಳಿಗೆ ಎರಡು ಭಾಷೆ: ಆ್ಯಂಟ್ ಪ್ಲಸ್ ಮತ್ತು ಬ್ಲೂಟೂತ್. ಆ್ಯಂಟ್ ಪ್ಲಸ್ ಎಂದರೆ ಮಸೀದಿಯ ಧ್ವನಿವರ್ಧಕವಿದ್ದಂತೆ, ಎಷ್ಟು ಮಂದಿ ಬೇಕಾದರೂ ಒಟ್ಟಿಗೆ ಕೇಳಬಹುದು. ಬ್ಲೂಟೂತ್ ಬಹಳಷ್ಟು ಮೀಟರುಗಳಲ್ಲಿ ಟೆಲಿಫೋನಿನಂತೆ, ಒಬ್ಬರೊಂದಿಗೆ ಮಾತಾಡುತ್ತಿದ್ದರೆ ಇನ್ನೊಬ್ಬರಿಗೆ ಲೈನ್ ಸಿಗದು. ಅರ್ಧ ಗಂಟೆ ನಮ್ಮ ಕಂಪ್ಯೂಟರ್ ಮೀಟರನ್ನು ಹುಡುಕಿ ಹುಡುಕಿ ಸೋತಿತು. ಕೊನೆಗೆ ನೋಡಿದರೆ ತಂಗಿಯ ಮೊಬೈಲಿನಲ್ಲಿ ಹುಡುಗಿ ಆಪ್ ತೆರೆದಿಟ್ಟು ಅಡುಗೆಮನೆಯಲ್ಲಿ ಮರೆತಿದ್ದಳು. ಆಪ್ ಮುಚ್ಚಿದೊಡನೆ ಸಿಕ್ಕಿತು. ಪೆಡಲನ್ನು ನಾಲ್ಕು ಸುತ್ತು ತಿರುಗಿಸದೆ ಮೀಟರ್ ನಿದ್ದೆಯಿಂದ ಏಳುವುದಿಲ್ಲ ಎಂಬುದೂ ಗೊತ್ತಿರಲಿ. ಪ್ರತಿ ಮೀಟರಿಗೂ ಅದರದೇ ನಂಬರಿದೆ. ಅದನ್ನು ಬರೆದಿಟ್ಟುಕೊಳ್ಳಿ. ಸ್ಪರ್ಧೆ ಶುರುವಾಗುವ ಜಾಗದಲ್ಲಿ ನಿಂತು ಹೊಸದಾಗಿ ಹುಡುಕಿದರೆ ಪಕ್ಕದವಳ ಮೀಟರ್ ನಿಮ್ಮ ಪರದೆಗೆ ಬಂದು ಕುಳಿತೀತು.

ಎಲ್ಲ ಆಯಿತು. ಭಾನುವಾರ ಪರೀಕ್ಷೆ. 20 ನಿಮಿಷ ತನ್ನಿಂದಾದಷ್ಟು ಜೋರಾಗಿ, ಒಂದೇ ಸಮನೆ ತುಳಿಯುವುದು. ಅದರ ಸರಾಸರಿಯ ನೂರಕ್ಕೆ 95 ಪಾಲನ್ನು ಎಫ್‌ಟಿಪಿ ಎನ್ನುತ್ತಾರೆ. ಹೆಚ್ಚುಕಡಿಮೆ ಒಂದು ಗಂಟೆ ಸತತವಾಗಿ ಕೊಡಬಲ್ಲ ಶಕ್ತಿ ಎಂದು ಅರ್ಥ. ಸರಾಸರಿ 176 ಬಂತು. ಹುಡುಗಿ ಕುಣಿದಾಡಿದಳು.

ರಾತ್ರಿ ಕೈಪಿಡಿ ತಿರುವುತ್ತಿದ್ದಾಗ ನನಗೊಂದು ಅನುಮಾನ. ಬಲವನ್ನು ಶಕ್ತಿಯಾಗಿಸುವ ಲೆಕ್ಕದಲ್ಲಿ ಕ್ರ್ಯಾಂಕಿನ ಉದ್ದವೂ ಬರುತ್ತದೆ. ಪೆಡಲ್ ಮೀಟರಿಗೆ ಅದನ್ನು ನಾವೇ ಹೇಳಬೇಕು. ಆಪ್‌ನಲ್ಲಿ 172.5 ಮಿ.ಮೀ. ಎಂದಿತ್ತು. ಟಾರ್ಚ್ ಹಿಡಿದು ಕ್ರ್ಯಾಂಕಿನ ಒಳಮೈ ನೋಡಿದರೆ 165 ಎಂದು ಕೊರೆದಿದೆ! ನೂರಕ್ಕೆ ನಾಲ್ಕೂವರೆ ಪಾಲು ಹೆಚ್ಚು ತೋರಿಸಿತ್ತು. ನಿಜವಾದದ್ದು 168. ಎಫ್‌ಟಿಪಿ 160. ಹುಡುಗಿಯ ಮುಖ ಬಾಡಿತು. "ಖಾಲಾ, ಹಂಗೇ ಬಿಟ್ಟಿದ್ರ ಏನಾಗ್ತಿತ್ತು?" ಎಂದು ಕೇಳಿದಳು. ನಾನು ನಗುತ್ತಾ ಕ್ರ್ಯಾಂಕಿನ ಉದ್ದ ಸರಿಪಡಿಸಿದೆ.

ಇನ್ನೊಂದು ಅಭ್ಯಾಸ ಅವಳಿಗೆ ಕಲಿಸಿದೆ. ಅಂಗಡಿಯವನು ಬೆಳಿಗ್ಗೆ ಖಾಲಿ ತಟ್ಟೆಯಿಟ್ಟು ತಕ್ಕಡಿಯನ್ನು ಸೊನ್ನೆಗೆ ತರುವುದಿಲ್ಲವೇ? ಇಲ್ಲಿಯೂ ಹಾಗೆಯೇ, ಪ್ರತಿ ಸವಾರಿಗೆ ಮುಂಚೆ. ಲೋಹ ಬಿಸಿಯಾದರೆ ಹಿಗ್ಗುತ್ತದೆ, ತಣ್ಣಗಾದರೆ ಕುಗ್ಗುತ್ತದೆ. ಮನೆಯೊಳಗಿನ ಸೆಕೆಯಿಂದ ಹೊರಗಿನ ಚಳಿಗೆ ತಂದ ಸೈಕಲನ್ನು ಹದಿನೈದು ಇಪ್ಪತ್ತು ನಿಮಿಷ ಹೊರಗೇ ನಿಲ್ಲಿಸಬೇಕು. ನೆಟ್ಟಗೆ ಹಿಡಿದು, ಪೆಡಲಿನ ಮೇಲೆ ಭಾರವಿಲ್ಲದೆ ಸೊನ್ನೆ ಮಾಡಬೇಕು. ಅವಳು ಫಜ್ರ್‌ಗೆ ಎದ್ದೊಡನೆ ಸೈಕಲನ್ನು ಅಂಗಳಕ್ಕೆ ತಂದಿಟ್ಟು ವುಝೂ ಮಾಡಲು ಹೋಗುವುದನ್ನು ರೂಢಿ ಮಾಡಿಕೊಂಡಳು. ನಮಾಝ್ ಮುಗಿಯುವಷ್ಟರಲ್ಲಿ ಪೆಡಲೂ ಸಿದ್ಧ.

ಪರದೆಯ ಮೇಲೆ ವ್ಯಾಟ್ ಕ್ಷಣಕ್ಷಣಕ್ಕೂ ಕುಪ್ಪಳಿಸುತ್ತದೆ. ಮೂರು ಸೆಕೆಂಡಿನ ಸರಾಸರಿ ತೋರಿಸುವಂತೆ ಹೊಂದಿಸಿದರೆ ಓದಲು ಬರುತ್ತದೆ. ಸರಾಸರಿ ಲೆಕ್ಕದಲ್ಲಿ ಸೊನ್ನೆಗಳನ್ನು ಸೇರಿಸುವ ಆಯ್ಕೆ ಇರಲಿ, ಇಲ್ಲದಿದ್ದರೆ ಇಳಿಜಾರಿನಲ್ಲಿ ಸುಮ್ಮನೆ ಕುಳಿತದ್ದು ಲೆಕ್ಕಕ್ಕೇ ಬರುವುದಿಲ್ಲ. ಕೋಚ್ ಸರ್ ಕೊಟ್ಟ ಪಟ್ಟಿಯ ಪ್ರಕಾರ 160ರ ಎಫ್‌ಟಿಪಿಯವಳು ವಾರದ ಹೆಚ್ಚಿನ ದಿನ 90ರಿಂದ 120 ವ್ಯಾಟಿನೊಳಗೆ ತುಳಿಯಬೇಕು. ಅವಳಿಗೆ ಆಶ್ಚರ್ಯ. ಅಲ್ಲಿಯವರೆಗೆ ದಿನವೂ ಹುಡುಗರ ಹಿಂದೆ ಜೀವ ಬಿಟ್ಟು ತುಳಿದು ಸುಸ್ತಾಗುತ್ತಿದ್ದಳು. ನಿಧಾನ ಹೋಗಲು ಹೇಳಿಕೊಟ್ಟದ್ದು ಮೀಟರೇ.

ಭಾಗಾಕಾರದ ಬಲೆ

ಆದರೆ ಇದೇ ಮೀಟರ್ ಇನ್ನೊಂದು ಲೆಕ್ಕವನ್ನೂ ಮನೆಗೆ ತಂದಿತು. ಏರುರಸ್ತೆಯಲ್ಲಿ ಮುಖ್ಯವಾಗುವುದು ಬರೇ ವ್ಯಾಟ್ ಅಲ್ಲ, ದೇಹದ ತೂಕದ ಪ್ರತಿ ಕಿಲೋಗೆ ಎಷ್ಟು ವ್ಯಾಟ್ ಎಂಬುದು. ಅವಳ ತೂಕ 52 ಕೆ.ಜಿ. 160ನ್ನು 52ರಿಂದ ಭಾಗಿಸಿದರೆ 3.08. ಜೊತೆಯ ಹುಡುಗಿಯೊಬ್ಬಳದು 3.5. ಭಾಗಾಕಾರ ಬಲ್ಲ ಯಾರಿಗೂ ಹೊಳೆಯುವ ಉಪಾಯ ಅವಳಿಗೂ ಹೊಳೆಯಿತು. ಮೇಲಿನ ಸಂಖ್ಯೆ ಏರಿಸಲು ತಿಂಗಳುಗಟ್ಟಲೆ ಬೆವರು ಸುರಿಸಬೇಕು. ಕೆಳಗಿನದನ್ನು ಇಳಿಸಲು ರೊಟ್ಟಿ ಬಿಟ್ಟರೆ ಸಾಕು. 46 ಕೆ.ಜಿ.ಗೆ ಇಳಿದರೆ 3.48!

ಇದನ್ನು ಅವಳು ಯಾರಿಗೂ ಹೇಳಲಿಲ್ಲ. ನೋಟ್‌ಬುಕ್ಕಿನ ಹಿಂಬದಿಯಲ್ಲಿ ಬರೆದಿದ್ದಳು. ನಮಗೆ ಸಿಕ್ಕಿದ್ದು ಬಹಳ ತಡವಾಗಿ.

2024ರ ಮಾರ್ಚ್‌ನಲ್ಲಿ ರಮಝಾನ್ ಬಂತು. ಉಪವಾಸದ ತಿಂಗಳಲ್ಲಿ ಜೋರಿನ ಅಭ್ಯಾಸವಿಲ್ಲ, ಇಫ್ತಾರಿಗೆ ಮುಂಚೆ ಮುಕ್ಕಾಲು ಗಂಟೆ ಹಗುರವಾಗಿ ತುಳಿಯುವುದು, ಎಫ್‌ಟಿಪಿ ಪರೀಕ್ಷೆಯಂತೂ ಬೇಡವೇ ಬೇಡ ಎಂದು ಕೋಚ್ ಸರ್ ಹೇಳಿದ್ದು ಸರಿಯೇ ಇತ್ತು. ಈದ್‌ನಂದು ತಂಗಿ ಫೋನಿನಲ್ಲಿ ಹೆಮ್ಮೆಯಿಂದ ಹೇಳಿದಳು: "ಈ ಸಲ ಹುಡುಗಿ ಒಂದೂ ಬಿಡದೆ ಪೂರ್ತಿ ಉಪವಾಸ ಹಿಡಿದಳು." ನಾನೂ ಮಾಶಾ ಅಲ್ಲಾಹ್ ಎಂದೆ. ಓದುವ ಸಹೋದರಿಯರಿಗೆ ಆಗಲೇ ಹೊಳೆದಿರಬಹುದು. ನಮ್ಮಿಬ್ಬರಿಗೆ ಹೊಳೆಯಲಿಲ್ಲ.

ಮೇ ತಿಂಗಳಲ್ಲಿ ವ್ಯಾಟ್ ಇಳಿಯತೊಡಗಿತು. ವಿಜಯಪುರದ ಬಿಸಿಲು, ಸಹಜ ಎಂದುಕೊಂಡರು. ಜೂನ್‌ನಲ್ಲಿ ಮಳೆ ಬಿದ್ದು ತಂಪಾದ ಮೇಲೂ ಏರಲಿಲ್ಲ. 20 ನಿಮಿಷದ ಸರಾಸರಿ 152. "ಖಾಲಾ, ಮೀಟರ್ ಕೆಟ್ಟೈತಿ" ಎಂದು ಅಳುತ್ತಾ ಫೋನ್ ಮಾಡಿದಳು. ಅಜ್ಜಿಯ ಐದು ಸಾವಿರ ನನ್ನ ಎದೆಯಲ್ಲಿ ಚುಚ್ಚಿತು. ಮರುದಿನದ ಬಸ್ಸು ಹಿಡಿದೆ.

ಅಳತೆ ಸುಳ್ಳೆಂದು ಅನುಮಾನ ಬಂದಾಗ ಮಾಡಬೇಕಾದದ್ದನ್ನೆಲ್ಲ ಒಂದೊಂದಾಗಿ ಮಾಡಿದೆವು. ಕ್ರ್ಯಾಂಕಿನ ಉದ್ದ ನೋಡಿದೆವು, 165 ಸರಿಯಾಗಿತ್ತು. ಚಾರ್ಜ್ ತುಂಬಿಸಿದೆವು. ಕಂಪ್ಯೂಟರಿನಲ್ಲಿ ಮೀಟರನ್ನು ಅಳಿಸಿ ಮತ್ತೆ ಸೇರಿಸಿದೆವು. ಪೆಡಲ್ ಬಿಚ್ಚಿ ಥ್ರೆಡ್ ಒರೆಸಿ ಮತ್ತೆ ಬಿಗಿದೆವು. ಹತ್ತಾರು ಸಲ ಜೋರಾಗಿ ತುಳಿದು ಅದು ತನ್ನ ಜಾಗದಲ್ಲಿ ಕುಳಿತ ಮೇಲೆ ಸೊನ್ನೆ ಮಾಡಿದೆವು. ಬೀದಿ ಕೊನೆಯ ದಿನಸಿ ಅಂಗಡಿಯಿಂದ ಸರಕಾರದ ಮುದ್ರೆಯಿರುವ 10 ಕೆ.ಜಿ.ಯ ತೂಕದ ಕಲ್ಲು ಕೇಳಿ ತಂದು, ಹಿಂದಿನ ಬ್ರೇಕ್ ಕಟ್ಟಿ, ಕ್ರ್ಯಾಂಕನ್ನು ನೆಲಕ್ಕೆ ಸಮನಾಗಿ ನಿಲ್ಲಿಸಿ ಪೆಡಲಿಗೆ ನೇತುಹಾಕಿದೆವು. ಕೆಲವು ಮೀಟರುಗಳ ಆಪ್‌ನಲ್ಲಿ ಹೀಗೆ ಗೊತ್ತಿರುವ ತೂಕದಿಂದ ಪರೀಕ್ಷಿಸುವ ಸೌಲಭ್ಯ ಇರುತ್ತದೆ. ಕೊಳ್ಳುವಾಗ ಇದೊಂದನ್ನು ಕೇಳಿ ನೋಡಿ. ನೂರು ಗ್ರಾಮೂ ಆಚೀಚೆ ಆಗಲಿಲ್ಲ. ಗೆಳತಿಯ ಮೀಟರಿರುವ ಸೈಕಲಿನಲ್ಲಿ ತುಳಿಸಿದೆವು. ಅಲ್ಲಿಯೂ ಅಷ್ಟೇ ವ್ಯಾಟ್.

ಮೀಟರ್ ನಿಜವನ್ನೇ ಹೇಳುತ್ತಿತ್ತು. ಹಾಗಾದರೆ ಕೆಟ್ಟದ್ದು ಯಾವುದು?

ಪೆಡಲಿಗೆ ಕಲ್ಲು ಕಟ್ಟಿದ್ದ ಹಗ್ಗ ಬಿಚ್ಚುತ್ತಾ ನಾನು ಹುಡುಗಿಯ ಮಣಿಕಟ್ಟು ನೋಡಿದೆ. ಬಳೆ ಮೊಣಕೈವರೆಗೆ ಜಾರುತ್ತಿತ್ತು. ಅಂಗಡಿಯ ತಕ್ಕಡಿಯ ಮೇಲೆಯೇ ನಿಲ್ಲಿಸಿ ತೂಗಿದರೆ 47.5. ಆಗ ಈದ್‌ನಂದು ತಂಗಿ ಹೇಳಿದ ಮಾತು ನೆನಪಾಯಿತು. ಒಂದೂ ಬಿಡದೆ? ಹದಿನೇಳರ ಹುಡುಗಿಗೆ ರಮಝಾನಿನಲ್ಲಿ ಐದಾರು ಉಪವಾಸ ತಪ್ಪಿ ಆಮೇಲೆ ಕಝಾ ಹಿಡಿಯಬೇಕಾಗಿ ಬರುತ್ತದಲ್ಲ? ತಂಗಿಯನ್ನು ಅಡುಗೆಮನೆಗೆ ಕರೆದು ಕೇಳಿದೆ. ಅವಳು ಹುಡುಗಿಯನ್ನು ಕೇಳಿದಳು. ಫೆಬ್ರವರಿಯಿಂದ ಮುಟ್ಟಾಗಿರಲಿಲ್ಲ. ಅಂದರೆ ನಾಲ್ಕು ತಿಂಗಳು. "ಒಳ್ಳೇದೇ ಆತು, ಟ್ರೇನಿಂಗ್‌ಗೆ ತೊಂದರೆ ಇಲ್ಲ ಅಂದ್ಕೊಂಡಿದ್ದೆ" ಎಂದಳಂತೆ.

ಸ್ತ್ರೀರೋಗ ತಜ್ಞೆಯ ಬಳಿಗೆ ಹೋದೆವು. ಹಿಮೋಗ್ಲೋಬಿನ್ 9.4. ಹೆಂಗಸರಲ್ಲಿ ಅದು 12ಕ್ಕಿಂತ ಕಡಿಮೆಯಾದರೆ ರಕ್ತಹೀನತೆ. ಅವರು ಸಮಾಧಾನವಾಗಿ ಬಿಡಿಸಿ ಹೇಳಿದರು. ದೇಹಕ್ಕೆ ಬರುವ ಆಹಾರ ಕಡಿಮೆಯಾಗಿ ಖರ್ಚು ಮಾತ್ರ ಹಾಗೆಯೇ ಮುಂದುವರಿದರೆ ದೇಹ ಬುದ್ಧಿವಂತ ಗೃಹಿಣಿಯಂತೆ ಮೊದಲು ಅತ್ಯಾವಶ್ಯಕವಲ್ಲದ ಖರ್ಚನ್ನು ನಿಲ್ಲಿಸುತ್ತದೆ. ಹೃದಯ, ಮೆದುಳು ನಡೆಯಬೇಕು. ಮುಟ್ಟು ಕಾಯಬಹುದು. ಈಸ್ಟ್ರೋಜೆನ್ ಎಂಬ ಹಾರ್ಮೋನ್ ಇಳಿಯುತ್ತದೆ, ಅದರೊಂದಿಗೆ ಮೂಳೆಯ ಗಟ್ಟಿತನವೂ. ಈ ವಯಸ್ಸಿನಲ್ಲಿ ಕೂಡಿಡಬೇಕಾದ ಮೂಳೆಯ ಬಲ ಮುಂದೆ ಪೂರ್ತಿಯಾಗಿ ಸಿಗುವುದು ಕಷ್ಟ. ಅಂತಾರಾಷ್ಟ್ರೀಯ ಒಲಿಂಪಿಕ್ ಸಮಿತಿಯ ತಜ್ಞರು 2014ರಲ್ಲಿ ಇದಕ್ಕೆ 'ರೆಡ್-ಎಸ್' ಎಂಬ ಹೆಸರು ಕೊಟ್ಟಿದ್ದಾರೆ. ಇದು ಹುಡುಗರಲ್ಲೂ ಕಾಣುತ್ತದೆ, ಆದರೆ ಅವರಲ್ಲಿ ಮುಟ್ಟಿನಂಥ ಗುರುತು ಇಲ್ಲದ್ದರಿಂದ ಕಂಡುಹಿಡಿಯುವುದು ಇನ್ನೂ ಕಷ್ಟ. ರಕ್ತಹೀನತೆಯಂತೂ ನಮ್ಮ ದೇಶದಲ್ಲಿ ಮನೆಮನೆಯ ಮಾತು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ 15ರಿಂದ 49 ವರ್ಷದ ಹೆಂಗಸರಲ್ಲಿ ನೂರಕ್ಕೆ 57 ಮಂದಿಗೆ ಅದು ಇತ್ತು.

ನಾನು ಅಲ್ಲಿಯೇ ಲೆಕ್ಕ ಹಾಕಿದೆ. 152ರ 95 ಪಾಲು 144.4. ಅದನ್ನು 47.5ರಿಂದ ಭಾಗಿಸಿದರೆ 3.04. ನಾಲ್ಕೂವರೆ ಕಿಲೋ ದೇಹ, ನಾಲ್ಕು ತಿಂಗಳ ಮುಟ್ಟು, ರಕ್ತ ಇಷ್ಟನ್ನೂ ತೆತ್ತು ಅವಳು ಪಡೆದದ್ದು ಡಿಸೆಂಬರಿನದ್ದಕ್ಕಿಂತ ಕಡಿಮೆ. ಆ ಚೀಟಿಯನ್ನು ಅವಳ ಕೈಗೆ ಕೊಟ್ಟೆ. ಬಹಳ ಹೊತ್ತು ನೋಡುತ್ತಾ ಕುಳಿತಳು. ಬೈದರೂ ಕೇಳದ ಹುಡುಗಿ, ಲೆಕ್ಕವನ್ನು ನಂಬಿದಳು.

ಸೈಕಲಿಲ್ಲದ ಎರಡು ತಿಂಗಳು

ಜುಲೈ, ಆಗಸ್ಟ್ ಎರಡು ತಿಂಗಳು ಸೈಕಲ್ ಗೋಡೆಗೆ ಒರಗಿತ್ತು. ಕಬ್ಬಿಣದ ಮಾತ್ರೆ, ಅದರೊಂದಿಗೆ ಚಹಾ ಬೇಡವೆಂಬ ಕಟ್ಟಪ್ಪಣೆ. ಜೋಳದ ರೊಟ್ಟಿ, ಕಾಳು ಪಲ್ಯ, ಮೊಟ್ಟೆ, ಶೇಂಗಾ ಹಿಂಡಿ, ವಾರಕ್ಕೆರಡು ಸಲ ಮಾಂಸ. ತಂಗಿಗೆ ಇದರಲ್ಲಿ ಯಾವ ಮೀಟರೂ ಬೇಕಾಗಲಿಲ್ಲ. ನಾನು ಒಂದು ಕೆಲಸ ಮಾಡಿದೆ. ಕಂಪ್ಯೂಟರಿನಲ್ಲೂ ಆಪ್‌ನಲ್ಲೂ ಪ್ರತಿ ಕಿಲೋಗೆ ವ್ಯಾಟ್ ತೋರಿಸುವ ಮನೆಯನ್ನು ತೆಗೆದುಹಾಕಿದೆ. ಬರೇ ವ್ಯಾಟ್ ಉಳಿಯಿತು. ಇದನ್ನು ಯಾವ ಕೈಪಿಡಿಯೂ ಹೇಳುವುದಿಲ್ಲ. ಹೆಣ್ಣುಮಕ್ಕಳಿಗೆ ಈ ಮೀಟರ್ ಕೊಡಿಸುವ ತಾಯಂದಿರು ಮೊದಲ ದಿನವೇ ಮಾಡಲಿ ಎಂದು ನನ್ನ ಅಭಿಪ್ರಾಯ. ಕೋಚ್ ಸರ್ ಒಪ್ಪಿದರು, ತೂಕದ ಮಾತನ್ನು ಹುಡುಗಿಯರ ಮುಂದೆ ಆಡುವುದನ್ನೂ ಬಿಟ್ಟರು.

ಆ ಆಗಸ್ಟ್‌ನಲ್ಲಿ ಪ್ಯಾರಿಸ್ ಒಲಿಂಪಿಕ್ಸ್ ನಡೆಯುತ್ತಿತ್ತು. ಅಫ್ಘಾನಿಸ್ತಾನದ ಅಕ್ಕ ತಂಗಿ ಯುಲ್ದುಝ್ ಹಾಶಿಮಿ, ಫರೀಬಾ ಹಾಶಿಮಿ ಸೈಕ್ಲಿಂಗ್‌ನಲ್ಲಿ ಪಾಲ್ಗೊಂಡರು. ಸ್ವಂತ ನಾಡಿನಲ್ಲಿ ಹೆಣ್ಣುಮಕ್ಕಳ ಆಟಕ್ಕೆ ಬಾಗಿಲು ಮುಚ್ಚಿದ ಮೇಲೆ ಊರು ಬಿಟ್ಟು ಇಟಲಿ ಸೇರಿದವರು. 2022ರ ಅಕ್ಟೋಬರಿನಲ್ಲಿ ಅಫ್ಘಾನ್ ಮಹಿಳೆಯರ ರಾಷ್ಟ್ರೀಯ ಚಾಂಪಿಯನ್‌ಶಿಪ್ ಸ್ವಿಟ್ಜರ್‌ಲೆಂಡಿನ ಏಗಲ್‌ನಲ್ಲಿ ನಡೆಯಬೇಕಾಯಿತು. ಅಲ್ಲಿ ಫರೀಬಾ ಮೊದಲನೆಯವಳು, ಯುಲ್ದುಝ್ ಎರಡನೆಯವಳು. ಅವರಿಗಿಂತ ಮೊದಲು ಮಾಸೂಮಾ ಅಲಿಝಾದಾ 2021ರಲ್ಲಿ ನಡೆದ ಟೋಕಿಯೊ ಒಲಿಂಪಿಕ್ಸಿನಲ್ಲಿ ನಿರಾಶ್ರಿತರ ತಂಡದಿಂದ ಹೆಲ್ಮೆಟ್ಟಿನ ಕೆಳಗೆ ತಲೆವಸ್ತ್ರ ಧರಿಸಿ ತುಳಿದಳು. ಕೊನೆಯ ಸ್ಥಾನ ಬಂತು. ಕಾಬೂಲಿನ ಬೀದಿಗಳಲ್ಲಿ ಸೈಕಲ್ ತುಳಿದದ್ದಕ್ಕೆ ಕಲ್ಲೇಟು ತಿಂದವಳಿಗೆ ಆ ಸ್ಥಾನ ಹೇಗೆ ಕಂಡಿರಬಹುದು? ನಮ್ಮ ಹುಡುಗಿ ರಸ್ತೆ ಸ್ಪರ್ಧೆಯನ್ನು ಮೊಬೈಲಿನಲ್ಲಿ ಅಜ್ಜಿಯ ಪಕ್ಕ ಕುಳಿತು ನೋಡಿದಳು. ಅಜ್ಜಿ ದುಆ ಮಾಡುತ್ತಿದ್ದರಂತೆ, ಯಾರು ಯಾವ ದೇಶದವರೆಂದು ತಿಳಿಯದೆಯೇ.

ಸೆಪ್ಟೆಂಬರಿನಲ್ಲಿ ಮುಟ್ಟು ಮರಳಿತು. ಅಕ್ಟೋಬರಿನಲ್ಲಿ ಸೈಕಲ್ ಹತ್ತಿದಳು, 90 ವ್ಯಾಟಿನಿಂದ.

ಚಿಕ್ಕ ಮಕ್ಕಳಿರುವ ಮನೆಯವರಿಗೆ ಮರೆಯುವ ಮುಂಚೆ ಒಂದು ಎಚ್ಚರಿಕೆ. ಪೆಡಲ್ ಚಾರ್ಜ್ ಆಗುವಂಥದ್ದಾದರೂ ಎದೆಯ ಬೆಲ್ಟಿಗೆ, ಅನೇಕ ಕ್ರ್ಯಾಂಕ್ ಮೀಟರುಗಳಿಗೆ ಸಿಆರ್ 2032 ಎಂಬ ನಾಣ್ಯದಂಥ ಬ್ಯಾಟರಿ ಹಾಕುತ್ತಾರೆ. ಮಕ್ಕಳು ಅದನ್ನು ನುಂಗಿ ಅನ್ನನಾಳದಲ್ಲಿ ಸಿಕ್ಕಿಕೊಂಡರೆ ಎರಡು ಗಂಟೆಯೊಳಗೇ ಒಳಗೆ ಸುಟ್ಟ ಗಾಯವಾಗಬಹುದು. ಹಳೆಯದು ಬೇಡವೆಂದು ಕಿಟಕಿಯ ಮೇಲಿಡಬೇಡಿ. ನುಂಗಿದ ಅನುಮಾನ ಬಂದರೂ ಸಾಕು, ಕಾಯದೆ ಆಸ್ಪತ್ರೆಗೆ ಓಡಿ. ಹಾಗೆಯೇ, ಮಳೆನೀರಿಗೆ ಮೀಟರ್ ಹೆದರುವುದಿಲ್ಲ, ಸರ್ವಿಸ್ ಸ್ಟೇಷನ್ನಿನ ಜೋರಿನ ಪೈಪಿಗೆ ಹೆದರುತ್ತದೆ. ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಸಾಕು.

2025ರ ಫೆಬ್ರವರಿಯಲ್ಲಿ, ರಮಝಾನಿಗೆ ಎರಡು ವಾರ ಮುಂಚೆ, ಮತ್ತೆ ಪರೀಕ್ಷೆ ಇಟ್ಟುಕೊಂಡಳು. ತೂಕ 53 ಎಂದು ತಂಗಿ ಹೇಳಿದಳು, ಹುಡುಗಿ ಕೇಳಲಿಲ್ಲ. ಹಿಂದಿನ ರಾತ್ರಿ ನನಗೆ ಫೋನ್ ಮಾಡಿ ಕ್ರ್ಯಾಂಕಿನ ಉದ್ದ ಓದಿ ಹೇಳಿದಳು. ಬೆಳಿಗ್ಗೆ ಸೈಕಲನ್ನು ಅಂಗಳಕ್ಕೆ ತಂದಿಟ್ಟು, ನಮಾಝ್ ಮುಗಿಸಿ, ಸೊನ್ನೆ ಮಾಡಿ ಹೊರಟಳು. 20 ನಿಮಿಷದ ಸರಾಸರಿ 176. ಮೊದಲ ವಾರ ಮೀಟರ್ ಸುಳ್ಳಾಗಿ ತೋರಿಸಿದ್ದ ಅದೇ ಸಂಖ್ಯೆ.

ಆ ರಮಝಾನಿನಲ್ಲಿ ಅವಳಿಗೆ ಆರು ಉಪವಾಸ ತಪ್ಪಿದವು. ಕಝಾ ಹಿಡಿಯುವ ದಿನಗಳನ್ನು ತಂಗಿ ಕ್ಯಾಲೆಂಡರಿನಲ್ಲಿ ಗುರುತು ಹಾಕಿಟ್ಟಿದ್ದಾಳೆ. ಪಕ್ಕದಲ್ಲೇ ಪೆಡಲ್ ಚಾರ್ಜ್ ಮಾಡುವ ದಿನಗಳ ಗುರುತೂ ಇದೆ. ಆ ಕೆಲಸವನ್ನೂ ಈಗ ಅವಳೇ ವಹಿಸಿಕೊಂಡಿದ್ದಾಳೆ.